ಅಳಿಯನ ತೋಳು, ಹೆಣ್ಣಿನವರ ಕಣ್ಣು

ತೋಳು ಬೇಕಾದ್ದಕ್ಕಿಂತ ದಪ್ಪ ಇದ್ದರೆ ಊರು ಸುಮ್ಮನೆ ಬಿಡುವುದಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ. ತೋಳು ನನ್ನದಲ್ಲ, ನನ್ನ ತಂಗಿಯ ಮಗನದು. ಆಗುವುದು ಮಾತ್ರ ನನ್ನ ಕಣ್ಣೆದುರಿಗೇ.

ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಬಳ್ಳಾರಿಯಿಂದ ಸಿರುಗುಪ್ಪ, ಬಳ್ಳಾರಿಯಿಂದ ಕುರುಗೋಡು. ಚಾಲಕನೊಂದಿಗೆ ಮಾತನಾಡಬಾರದು ಎಂದು ಬಸ್ಸಿನಲ್ಲಿ ಬರೆದಿರುತ್ತಿತ್ತು. ನನ್ನ ಮಟ್ಟಿಗೆ ಸರ್ಕಾರ ಮಾಡಿದ ಒಳ್ಳೆಯ ಕೆಲಸ ಅದೊಂದೇ. ನಿವೃತ್ತಿಯಾದ ಮೇಲೆ ಅಂಥದ್ದೊಂದು ಬೋರ್ಡು ಮನೆಯಲ್ಲೂ ಹಾಕಿಕೊಂಡು ಕೂರಬೇಕೆಂದಿದ್ದೆ. ತಂಗಿ ಬಿಡಲಿಲ್ಲ. ಅವಳ ಗಂಡ ತೀರಿಹೋಗಿದ್ದಾನೆ. ಹುಡುಗನಿಗೆ ಹೆಣ್ಣು ನೋಡಲು ಹೋದಾಗ ಮುಂದೆ ಕೂತು ಮಾತಾಡಬೇಕಾದವನು ಸೋದರಮಾವ. ಅಂದರೆ ನಾನು.

ಹುಡುಗ ಕೆಟ್ಟವನಲ್ಲ. ಬಳ್ಳಾರಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಸಾಸಿವೆ ಗಾತ್ರದ ಸ್ಕ್ರೂ ತಿರುಗಿಸುವುದು ಅವನ ಕೆಲಸ. ಬೀಡಿ ಇಲ್ಲ, ಕುಡಿತ ಇಲ್ಲ, ಚಹಾ ಕೂಡ ಇಲ್ಲ. ಇರುವುದು ಒಂದೇ ಚಟ. ಬೆಳಿಗ್ಗೆ ಸಂಜೆ ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತಿ, ಎಲ್ಲಿಂದ ಎತ್ತಿದನೋ ಅಲ್ಲೇ ಇಟ್ಟು ಬರುತ್ತಾನೆ. ನಮ್ಮ ಮನೆಯ ಬಾಗಿಲಲ್ಲಿ ಓರೆಯಾಗಿ ಒಳಗೆ ಬರುತ್ತಾನೆ. ವಯಸ್ಸು ಮೂವತ್ತು ದಾಟಿದೆ. ಹೆಣ್ಣು ಸಿಕ್ಕಿಲ್ಲ. ತಂಗಿಗೆ ಊಟ ಸೇರುತ್ತಿಲ್ಲ.

"ಅಣ್ಣಾ, ಈ ಸಲ ಇವನ ಮದುವಿ ಮಾಡಿಸಿಬಿಡು. ನಿನ್ನ ಮುಂದಿಟ್ಟುಕೊಂಡು ಹೊಂಟೀನಿ. ಅಲ್ಲೆರ ಒಂದೀಟು ಮಾತಾಡು."

"ನೋಡೋಣ" ಎಂದೆ. ಅದೇ ಹೆಚ್ಚಾಯಿತು ಎಂದು ಆಮೇಲೆ ತಿಳಿಯಿತು.

ಬೆನ್ನು ಇನ್ನೂ ಬಂದಿಲ್ಲ

ಅವನನ್ನು ಪೈಲ್ವಾನ ಎಂದರೆ ಸಿಟ್ಟು ಬರುತ್ತದೆ.

"ಪೈಲ್ವಾನ ಬ್ಯಾರೆ ಮಾವ. ಅವ ಇನ್ನೊಬ್ಬನ್ನ ಕೆಡವತಾನ. ನಾವು ನಮ್ಮನ್ನ ಕೆತ್ತಿಗೊಂತೀವಿ. ಇದು ಶಿಲ್ಪ ಇದ್ದಂಗ."

"ಕಲ್ಲು ಯಾವುದು?"

"ನಾನ."

"ಉಳಿ?"

"ಅದೂ ನಾನ."

ಇಲ್ಲೇ ಸಂಗನಕಲ್ಲಿನ ಗುಡ್ಡದಲ್ಲಿ ಹಿಂದಿನ ಕಾಲದ ಜನ ಕಲ್ಲು ಉಜ್ಜಿ ಕೊಡಲಿ ಮಾಡುತ್ತಿದ್ದರಂತೆ. ಅವರು ಮಾಡಿ ಮುಗಿಸಿದ ಮೇಲೆ ಅದರಿಂದ ಏನಾದರೂ ಕಡಿಯುತ್ತಿದ್ದರು. ಹಾಗೆಂದು ಅವನಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟ. ನನಗೆ ಹಾಯೆನಿಸಿತ್ತು.

ಮೈಯ ಭಾಗಗಳ ಬಗ್ಗೆ ಅವನು ಮಾತಾಡುವುದು ನೆಂಟರಿಷ್ಟರ ಬಗ್ಗೆ ಮಾತಾಡಿದ ಹಾಗೆ. ಭುಜ ಹೇಳಿದ ಮಾತು ಕೇಳುತ್ತದೆ. ಮೀನಖಂಡ ಹಟಮಾರಿ, ಅಪ್ಪನ ಕಡೆಯಿಂದ ಬಂದದ್ದು. ಒಂದು ದಿನ ಕನ್ನಡಿಯ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ಏನಾತಲೇ?"

"ಎದಿ ಬಂದೈತಿ ಮಾವ. ತೋಳು ಬಂದಾವು. ಬೆನ್ನು ಇನ್ನೂ ಬಂದಿಲ್ಲ."

"ಮೋಕಾ ಊರಿನ ಬಸ್ಸೂ ಹಂಗ, ತಡ ಐತಿ. ಬರ್ತೈತಿ, ತಡಿ" ಎಂದೆ.

ಸಿರುಗುಪ್ಪದ ಉಪ್ಪಿಟ್ಟು

ಮೊದಲು ಹೋದದ್ದು ಸಿರುಗುಪ್ಪಕ್ಕೆ. ಹೆಣ್ಣಿನ ತಂದೆ ಅಕ್ಕಿಯ ವ್ಯಾಪಾರಿ. ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವನು ನನ್ನ ಹಿಂದೆ ಇಣುಕಿ ನೋಡಿದ.

"ಹುಡುಗ ಎಲ್ರಿ?"

"ಇವನೇ."

"ಅಯ್ಯ, ನಿಮ್ಮ ಬಾಡಿಗಾರ್ಡ್ ಅಂದ್ಕಂಡಿದ್ನೆಲ್ರಿ!"

ನನ್ನನ್ನು ಯಾರು ಕದಿಯುತ್ತಾರೆ? ಒಳಗೆ ಹೋಗಿ ಕೂತೆ.

ಉಪ್ಪಿಟ್ಟು, ಶಿರಾ ಬಂದವು. ನಮ್ಮ ಕಡೆ ಹೆಣ್ಣು ನೋಡಲು ಹೋದವರು ತಟ್ಟೆ ಮುಟ್ಟದಿದ್ದರೆ ಹೆಣ್ಣು ಒಪ್ಪಿಗೆಯಿಲ್ಲ ಎಂದೇ ಅರ್ಥ. ಹುಡುಗಿ ಬಂದು ಕೂತಳು. ಲಕ್ಷಣವಾಗಿದ್ದಳು. ಅಳಿಯನ ಕಿವಿ ಕೆಂಪಾಯಿತು. ಒಪ್ಪಿಗೆ ಎಂದು ನನಗೆ ತಿಳಿಯಿತು. ಆದರೆ ತಟ್ಟೆಗೆ ಕೈ ಹೋಗಲಿಲ್ಲ. ಹೆಣ್ಣಿನ ತಂದೆಯ ಮುಖ ಇಳಿಯಿತು.

"ಯಾಕ್ರಿ, ನಮ್ಮ ಹುಡುಗಿ ಸರಿ ಬರಲಿಲ್ಲೇನು?"

"ಹಂಗಲ್ರಿ" ಎಂದ ಅಳಿಯ. "ಮುಂದಿನ ವಾರ ಬಾಡಿ ಬಿಲ್ಡಿಂಗ್ ಸ್ಪರ್ಧೆ ಐತಿ. ಉಪ್ಪು ಬಿಟ್ಟೀನ್ರಿ."

"ಶಿರಾ ತಗೋರಿ ಹಂಗಾದ್ರ."

"ಸಕ್ಕರಿನೂ ಬಿಟ್ಟೀನ್ರಿ."

"ಅನ್ನಕ್ಕ ಇಡಸ್ತೀನ್ರಿ. ನಮ್ಮ ಗದ್ದಿ ಅಕ್ಕಿ."

"ಅನ್ನ ಬಿಟ್ಟು ತಿಂಗಳಾತ್ರಿ."

"ನೀರೆರ ಕುಡೀರಿ."

"ಈ ವಾರ ಅದೂ ಕಡಿಮಿ ಮಾಡೀನ್ರಿ."

ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು.

"ಡಾಕ್ಟರು ಎಷ್ಟು ದಿವಸ ಅಂತ ಹೇಳ್ಯಾರಪ್ಪಾ?"

ಹೆಣ್ಣು ಕೊಡಲಿಲ್ಲ. ಹೊರಡುವಾಗ ಅಜ್ಜಿ ಗುಣವಾಗಲೆಂದು ಹುಡುಗನ ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು.

ಕುರುಗೋಡಿನವರು ಕಂಡ ಇಬ್ಬರು

ಎರಡು ದಿನ ಬಿಟ್ಟು ಕುರುಗೋಡಿಗೆ ಹೋದೆವು. ಸ್ಪರ್ಧೆ ಇನ್ನೂ ಮುಗಿದಿರಲಿಲ್ಲ. ಈ ಸಲ ನಾನು ತಯಾರಾಗಿದ್ದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ಹೆಣ್ಣಿನವರು ಒಳಗೆ ಹೋದಾಗಲೆಲ್ಲ ಅವನ ತಟ್ಟೆಗೂ ನಾನೇ ಕೈ ಹಾಕಿದೆ. ಅವನ ಮಿರ್ಚಿಯನ್ನೂ ನಾನೇ ತಿಂದೆ. ಅವರು ಬಂದು ನೋಡಿದರೆ ಎರಡೂ ತಟ್ಟೆ ಖಾಲಿ.

"ಹುಡುಗ ಚೊಲೋ ಉಣ್ತಾನ" ಎಂದು ಹೆಣ್ಣಿನ ತಂದೆಗೆ ಸಂತೋಷವಾಯಿತು. "ಸೋಮವಾರ ನಿಮ್ಮ ಮನಿ ನೋಡಾಕ ಬರ್ತೀವ್ರಿ" ಎಂದರು. ತಂಗಿ ಅಂದು ಹೊಟ್ಟೆ ತುಂಬ ಉಂಡಳು. ನನಗೆ ಎರಡು ತಟ್ಟೆ ಮಿರ್ಚಿಗೆ ಹೊಟ್ಟೆ ಉರಿದು ಉಣ್ಣಲಾಗಲಿಲ್ಲ.

ಸೋಮವಾರ ಬರಬೇಕಾದವರು ಭಾನುವಾರವೇ ಬಂದರು. ಬಳ್ಳಾರಿಗೆ ಯಾವುದೋ ಗಾಡಿ ಬರುತ್ತಿತ್ತಂತೆ, ಹತ್ತಿಕೊಂಡರು. ಭಾನುವಾರ ಸಂಜೆಯೇ ಸ್ಪರ್ಧೆ.

ಇಲ್ಲಿ ಒಂದು ವಿಷಯ ಹೇಳಬೇಕು. ಸ್ಪರ್ಧೆಯ ದಿನ ಇವರು ಮೈಗೆಲ್ಲ ಕಂದು ಬಣ್ಣ ಬಳಿದುಕೊಳ್ಳುತ್ತಾರೆ. ದೀಪದ ಬೆಳಕಿಗೆ ಬಿಳಿ ಮೈಯ ಕಟ್ಟು ಕಾಣುವುದಿಲ್ಲವಂತೆ. ಹುಡುಗ ಹುಟ್ಟಾ ಗೋಧಿ ಬಣ್ಣ. ಇನ್ನೂ ಬೆಳ್ಳಗಾಗಲಿ ಎಂದು ತಂಗಿ ಅವನಿಗೆ ಚಿಕ್ಕಂದಿನಲ್ಲಿ ಕಡಲೆಹಿಟ್ಟು ತಿಕ್ಕಿದ್ದೇ ತಿಕ್ಕಿದ್ದು. ಈಗ ಅವನು ಅಂಗೈಯಗಲದ ಚಡ್ಡಿ ಹಾಕಿಕೊಂಡು, ಸುಟ್ಟ ಕಾಫಿಬೀಜದ ಬಣ್ಣದಲ್ಲಿ, ಮೈ ಒಣಗಲೆಂದು ಕೈ ಅಗಲಿಸಿ ಪಡಸಾಲೆಯ ಫ್ಯಾನಿನ ಕೆಳಗೆ ನಿಂತಿದ್ದ. ಮುಖದಲ್ಲಿ ಜಡ್ಜುಗಳಿಗೆ ತೋರಿಸುವ ನಗು ಅಭ್ಯಾಸ ಮಾಡುತ್ತಿದ್ದ. ಎಲ್ಲ ಹಲ್ಲೂ ಕಾಣುತ್ತಿದ್ದವು.

ಆಗ ಕುರುಗೋಡಿನವರು ಒಳಗೆ ಬಂದರು. ಹೆಣ್ಣಿನ ತಂದೆ, ಹಿಂದೆ ಹುಡುಗಿಯ ಸೋದರತ್ತೆ.

ಕೈ ಮುಗಿದರೆ ಬಣ್ಣ ಅಂಟುತ್ತದೆ. ಹಾಗಾಗಿ ಅಳಿಯ ಮುಗಿಯಲಿಲ್ಲ. ಹಲ್ಲು ಬಿಟ್ಟುಕೊಂಡು ಹಾಗೇ ನಿಂತ. ಅತ್ತೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಇವರ್ಯಾರ್ರಿ?" ಎಂದ ಹೆಣ್ಣಿನ ತಂದೆ.

"ಹುಡುಗ" ಎಂದೆ.

"ಆ ಹುಡುಗ ಅಲ್ಲ ಇವ. ಅವ ಬೆಳ್ಳಗಿದ್ದ."

"ಬಣ್ಣ ಹಚ್ಯಾನ."

ಆತ ನನ್ನ ಕಡೆ ತಿರುಗಿದ. "ಅವತ್ತೋ, ಇವತ್ತೋ?"

ಒಬ್ಬನನ್ನು ತೋರಿಸಿ ಇನ್ನೊಬ್ಬನಿಗೆ ಕಟ್ಟುವ ಮೋಸ ಆಗುವುದುಂಟು. ಅತ್ತೆ ಅದನ್ನೇ ಹಿಡಿದಳು. "ಆ ಬಿಳಿ ಹುಡುಗನ್ನೂ ಕರೀರಿ. ಇಬ್ಬರನ್ನೂ ಜೋಡಿ ನಿಂದ್ರಸ್ರಿ, ನೋಡ್ತೀವಿ."

"ಇರೋನು ಒಬ್ಬನ."

"ಸುಳ್ಳು ಹೇಳಬ್ಯಾಡ್ರಿ. ಅವ ಒಗ್ಗರಣಿ, ಮಿರ್ಚಿ ಎಲ್ಲಾ ಉಜ್ಜಿ ತಿಂದ. ಇವನ ಹೊಟ್ಟಿ ನೋಡ್ರಿ, ಬೆನ್ನಿಗೆ ಹತ್ತೈತಿ. ಉಣ್ಣೋ ಮಂದಿ ಹೊಟ್ಟೀ ಏನ್ರಿ ಇದು?"

ತಿಂದವನು ನಾನೆಂದು ಹೇಳುವ ಹಾಗಿರಲಿಲ್ಲ. ಹೇಳದೆ ಇರುವ ಹಾಗೂ ಇರಲಿಲ್ಲ. ಅವರು ಚಹಾ ಕೂಡ ಕುಡಿಯದೆ ಹೋದರು.

ಸಂಜೆ ಜಡ್ಜುಗಳು ಅಳಿಯನ ಬಣ್ಣ ಬಹಳ ಚೆನ್ನಾಗಿ ಹಿಡಿದಿದೆ ಎಂದು ಹೊಗಳಿದರಂತೆ. ಕುರುಗೋಡಿನವರೂ ಅದನ್ನೇ ಹೇಳಿದ್ದರು.

ಗಾಜಿಲ್ಲದ ಕನ್ನಡಕ

ಇದಾದ ಮೇಲೆ ತಂಗಿ ಮತ್ತೆ ಊಟ ಬಿಟ್ಟಳು. ಅಳಿಯನೂ ಮಂಕಾದ. ಅಂಗಡಿಯಲ್ಲಿ ಒಬ್ಬನೇ ಕೂತಿರುತ್ತಾನೆಂದು ನಾನೂ ಹೋಗಿ ಕೂತೆ.

ಒಬ್ಬ ಗಿರಾಕಿ ಬಂದ. ನನಗಿಂತ ಸ್ವಲ್ಪ ಚಿಕ್ಕವನು, ಸಾಧು ಮನುಷ್ಯ. ಒಳಗೆ ಬಂದವನು ಅಳಿಯನ ತೋಳು ನೋಡಿದ, ಬಾಗಿಲು ನೋಡಿದ, ಮತ್ತೆ ತೋಳು ನೋಡಿದ. ಅಳಿಯ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಚೌಕಟ್ಟು ಮೂಗಿನ ಮೇಲಿಟ್ಟು, ಗೋಡೆಯ ಅಕ್ಷರ ತೋರಿಸಿದ. ಅಳಿಯನದು ದಪ್ಪ ಗಂಟಲು.

"ಮ್ಯಾಲಿನ ಸಾಲು ಕಾಣ್ತೈತೇನ್ರಿ?"

"ಕಾಣ್ತೈತಿ, ಕಾಣ್ತೈತಿ."

"ಕೆಳಗಿಂದು?"

"ಎಲ್ಲಾ ಕಾಣ್ತೈತ್ರಿ. ಭಾಳ ಚಂದ ಕಾಣ್ತೈತಿ. ಇದ ಸಾಕ್ರಿ, ನಾ ಹೊಂಡ್ತೀನಿ."

ಅಳಿಯ ಚೌಕಟ್ಟಿಗೆ ಇನ್ನೂ ಗಾಜು ಹಾಕಿರಲಿಲ್ಲ.

ಅಜ್ಜಿಯ ಪಾದ

ಮೂರನೆಯ ಹೆಣ್ಣು ಬಳ್ಳಾರಿಯದೇ. ಬಾಗಿಲು ತೆಗೆದ ಹೆಣ್ಣಿನ ತಂದೆಯನ್ನು ನೋಡಿದೆ. ಅದೇ ಗಿರಾಕಿ. ಹುಡುಗ ಹೇಗಿದ್ದಾನೆಂದು ನೋಡಿ ಬರಲು ಅಂಗಡಿಗೆ ಬಂದಿದ್ದನಂತೆ.

ನನ್ನನ್ನು ಕಟ್ಟೆಯ ಕಡೆ ಕರೆದುಕೊಂಡು ಹೋದ.

"ಒಂದು ಮಾತು ಕೇಳ್ತೀನ್ರಿ. ತಪ್ಪು ತಿಳೀಬ್ಯಾಡ್ರಿ. ಗಂಡ ಹೆಂಡ್ತಿ ಅಂದಮ್ಯಾಲ ಮಾತಿಗೆ ಮಾತು ಬರ್ತೈತಿ. ಸಿಟ್ಟಿನಾಗ ಒಂದಿನ ಅವ ಕೈ ಎತ್ತಿದ್ರ? ಅಂಥಾ ಕೈ ರೀ ಅದು. ನನಗ ಇರಾಕಿ ಒಬ್ಬಾಕಿ ಮಗಳು."

ಇದು ನಗುವ ಪ್ರಶ್ನೆ ಆಗಿರಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ.

"ಎತ್ತಂಗಿಲ್ಲ" ಎಂದೆ.

"ಹೆಂಗ ನಂಬ್ಲಿ?"

ತಂಗಿ ಕಿಟಕಿಯಿಂದ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಈ ಸಂಬಂಧವೂ ಹೋಯಿತು ಎಂದುಕೊಂಡೆ.

ಅಂದು ಅಳಿಯನ ನಡೆಯೂ ಸರಿ ಇರಲಿಲ್ಲ. ಬೆಳಿಗ್ಗೆಯಿಂದ ಗೋಡೆ ಹಿಡಿದು ಓಡಾಡುತ್ತಿದ್ದ. ಆಟೋದಿಂದ ಹಿಮ್ಮುಖವಾಗಿ ಇಳಿದಿದ್ದ.

"ಏನಾಗೈತಲೇ?" ಎಂದು ದಾರಿಯಲ್ಲಿ ಕೇಳಿದ್ದೆ.

"ನಿನ್ನಿ ಕಾಲಿನ ದಿನ ಮಾವ."

ದೇವರಿಗೆ ವಾರ ಇದ್ದ ಹಾಗೆ ಇವರ ಮೈಗೂ ವಾರವಿದೆ. ಒಂದು ದಿನ ಎದೆಗೆ, ಒಂದು ದಿನ ಬೆನ್ನಿಗೆ, ಒಂದು ದಿನ ಕಾಲಿಗೆ. ಸ್ಪರ್ಧೆ ಮುಗಿದು ಬಿಡುವು ತೆಗೆದುಕೊಂಡಿದ್ದವನು, ಬೇಸರಕ್ಕೆ ಹಿಂದಿನ ದಿನ ಕಾಲಿಗೆ ವಿಪರೀತ ಭಾರ ಹೊರಿಸಿದ್ದ. ಈಗ ತೊಡೆ ಕಲ್ಲಾಗಿತ್ತು. ಮಡಚುವ ಹಾಗಿಲ್ಲ.

ಒಳಗೆ ನೆಲಕ್ಕೆ ಜಮಖಾನ ಹಾಸಿದ್ದರು.

"ಕೂಡ್ರಿ" ಎಂದರು.

"ಹಿರೇರು ನಿಂತಾಗ ಕೂಡಂಗಿಲ್ರಿ" ಎಂದು ಅಳಿಯ ಗೋಡೆಗೆ ಒರಗಿದ. ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಕಾಲದಲ್ಲಿ ಇಂಥ ಮಾತು!

ಹುಡುಗಿಯ ಅಜ್ಜಿಯನ್ನು ಕೈ ಹಿಡಿದು ಕರೆತಂದರು. ಆಂಧ್ರದ ಕಡೆಯಿಂದ ಸೊಸೆಯಾಗಿ ಬಂದವಳು. ಆ ಮನೆಯಲ್ಲಿ ಅವಳದೇ ಕೊನೆಯ ಮಾತೆಂದು ಕೂಡಲೇ ತಿಳಿಯಿತು. ತಂಗಿ ಮಗನಿಗೆ ಕಣ್ಸನ್ನೆ ಮಾಡಿದಳು, "ಕಾಲಿಗಿ ಬೀಳು."

ಅಳಿಯ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ. ಗೋಡೆ ಹಿಡಿದು ಅರ್ಧದವರೆಗೆ ಮೆಲ್ಲಗೆ ಬಗ್ಗಿದ. ಉಳಿದರ್ಧ ಒಂದೇ ಸಲಕ್ಕೆ ಬಂತು. ನೆಲ ಅದುರಿತು. ಗೂಡಿನಲ್ಲಿದ್ದ ಹಿತ್ತಾಳೆ ತಂಬಿಗೆಗಳು ಸದ್ದು ಮಾಡಿದವು. ಹಣೆ ಅಜ್ಜಿಯ ಪಾದದ ಮೇಲಿತ್ತು.

"ನೂರು ವರ್ಷ ಬಾಳಪ್ಪಾ" ಎಂದಳು ಅಜ್ಜಿ.

ಏಳಲಿಲ್ಲ.

"ಮಕ್ಕಳು ಮರಿ ಆಗ್ಲಿ."

ಏಳಲಿಲ್ಲ.

"ಸಾಕು, ಏಳಪ್ಪಾ."

ಏಳಲಿಲ್ಲ. ಅಜ್ಜಿ ಅದನ್ನೇ ತೆಲುಗಿನಲ್ಲಿ "ಲೆಯ್ ನಾಯನಾ" ಎಂದಳು. ಆದರೆ ತೊಂದರೆ ಭಾಷೆಯದಾಗಿರಲಿಲ್ಲ.

ಕೆಳಗಿನಿಂದ ನನಗೊಬ್ಬನಿಗೇ ಕೇಳುವ ಹಾಗೆ ದನಿ ಬಂತು. "ಮಾವ, ಏಳಾಕ ಆಗವಲ್ದು."

ನಾನು ಕೆಮ್ಮಿದೆ.

ಅಜ್ಜಿ ಮಗನ ಕಡೆ ತಿರುಗಿದಳು. "ನೋಡಲೇ. ನೀ ನನ್ನ ಹೊಟ್ಯಾಗ ಹುಟ್ಟಿದಾಂವ. ಒಂದಿನೆರ ಇಷ್ಟು ಹೊತ್ತು ಬಿದ್ದೀಯೇನು?"

ಹೆಣ್ಣಿನ ತಂದೆ ತಲೆ ತಗ್ಗಿಸಿದ. ಅಷ್ಟರಲ್ಲಿ ಅಳಿಯನ ತೊಡೆ ಹಿಡಿದುಕೊಂಡಿತು. ನೋವಿಗೆ ಕಣ್ಣಲ್ಲಿ ನೀರು ಬಂತು. ಅದು ಅಜ್ಜಿಯ ಪಾದದ ಮೇಲೆ ಬಿತ್ತು.

"ಅಯ್ಯೋ, ಅಳಾಕತ್ತೈತಿ ಕೂಸು!" ಎಂದು ಅಜ್ಜಿಯೂ ಅತ್ತಳು. ತಂಗಿಯೂ ಅತ್ತಳು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಮಾತ್ರ ಅಳುತ್ತಿರಲಿಲ್ಲ. ಅವಳ ಕಣ್ಣು ಅವನ ನಡುಗುವ ಮೀನಖಂಡದ ಮೇಲಿತ್ತು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು.

"ನೋಡವ್ವ, ಹುಡುಗ ಒಪ್ಪಿಗೇನು?" ಎಂದು ಅಜ್ಜಿ ಅವಳನ್ನೇ ಕೇಳಿದಳು.

"ಮೊದಲು ಎಬ್ಬಸೋಣು ತಡಿ" ಎಂದಳು ಹುಡುಗಿ. ಬಂದು ಅವನ ಕಂಕುಳಿಗೆ ಭುಜ ಕೊಟ್ಟಳು. "ಕಾಲೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಹೂಂ ರೀ."

"ನನ್ನ ಮ್ಯಾಲ ಭಾರ ಹಾಕ್ರಿ. ಎತ್ತತೀನಿ."

ಎತ್ತಿದಳು. ಕಬ್ಬಿಣ ಎತ್ತಿ ಅಭ್ಯಾಸವಿದ್ದವನು ಅಲ್ಲ, ಅವಳು ಎತ್ತಿದಳು. ಏರು ಹತ್ತುವ ಹಳೆಯ ಬಸ್ಸಿನ ಹಾಗೆ ಅವನು ಮೇಲೆ ಬಂದ. ಬಂದವನು ಭುಜ ಬಿಡಲಿಲ್ಲ, ಬಿಟ್ಟರೆ ಬೀಳುತ್ತಿದ್ದ.

"ಒಪ್ಪಿಗಿ" ಎಂದಳು ಅಜ್ಜಿಗೆ, ನಗು ತಡೆದುಕೊಂಡು.

ಹೆಣ್ಣಿನ ತಂದೆ ಕಣ್ಣೊರೆಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನಾ ಕೇಳಿದ್ದು ತಪ್ಪಾತ್ರಿ. ಇಷ್ಟು ವಿನಯ ಇರೋ ಹುಡುಗ ಹೆಂಡ್ತಿ ಮ್ಯಾಲ ಕೈ ಎತ್ತತಾನೇನ್ರಿ?"

ನಾನು ಅಳಿಯನ ಕಡೆ ನೋಡಿದೆ. ಅವನು ಜಮಖಾನದ ಅಂಚು ದಾಟಲು ಹುಡುಗಿಯ ಭುಜದ ಮೇಲೆ ತೂಗಾಡುತ್ತಿದ್ದ.

"ಕೈ ಬಿಡ್ರಿ" ಎಂದೆ. "ಈ ವಾರ ಕಾಲೂ ಎತ್ತಂಗಿಲ್ಲ."