ಬೇಬಿಯಕ್ಕನ ಎಡಗೈ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಪಟ್ಟಿ. ಗಾಯಕ್ಕೆ ಅಂಟಿಸುವಂಥದ್ದಲ್ಲ. ಲಂಗದ ಲಾಡಿಗಿಂತ ಕೆಳಗೆ, ಯಾರಿಗೂ ಕಾಣದ ಹಾಗೆ ಅಂಟಿಸಿಕೊಳ್ಳುವಂಥದ್ದು. ಮುಟ್ಟು ನಿಂತ ಹೆಂಗಸರ ಮೈಯಲ್ಲಿ ಕಡಿಮೆಯಾಗುವ ಹಾರ್ಮೋನನ್ನು ಅದು ಚರ್ಮದ ಮೂಲಕ ಮೆಲ್ಲಗೆ ಒಳಗೆ ಬಿಡುತ್ತಿತ್ತು. ಕೋಡಿ ಊರಿನ ಬೇಬಿಯಕ್ಕ ಅದನ್ನು ಅಂಟಿಸಿಕೊಳ್ಳುವ ಸಂಗತಿ ಲೇಡಿ ಡಾಕ್ಟರಿಗೆ, ಮೆಡಿಕಲ್ ಅಂಗಡಿಯ ಪ್ರೇಮಾನಂದನಿಗೆ ಬಿಟ್ಟರೆ ಮನೆಯ ಬೆಕ್ಕಿಗೂ ಗೊತ್ತಿರಲಿಲ್ಲ.

ಹೆಸರು ಬೇಬಿಯಾದರೂ ಪ್ರಾಯ ಐವತ್ತು ದಾಟಿತ್ತು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅವಳದ್ದು ಬಾಗಿಲಿಗೆ ಎದುರಿನ ಜಾಗ. ದೋಣಿಯ ಹುಟ್ಟಿನಂಥ ಎರಡು ತೋಳು. ಅಂಜಲ್ ಮೀನನ್ನು ಅವಳು ಒಂದೇ ಏಟಿಗೆ ತುಂಡು ಮಾಡುವುದನ್ನು ನೋಡಲಿಕ್ಕೆಂದೇ ನಿಲ್ಲುವವರಿದ್ದರು. ಜ್ವರ ಬಂತೆಂದು ಒಂದು ದಿನ ಕುಳಿತವಳಲ್ಲ. ಅದರ ಹೆಮ್ಮೆಯೂ ಅವಳಿಗೆ ಸಾಕಷ್ಟಿತ್ತು. ಹಿಂದೊಮ್ಮೆ ಪಕ್ಕದ ಜಾಗದ ಬಾಗಿ ಎಂಬವಳು ಮೈಯೆಲ್ಲ ಬೆಂಕಿಯೆಂದು ಮೀನಿನ ಪೆಟ್ಟಿಗೆಯ ಮುಚ್ಚಳದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಾಗ, ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಬೇಬಿಯಕ್ಕ ಹೇಳಿದ್ದಳು: "ಅದೆಲ್ಲ ಮೈ ಬಗ್ಗಿಸ್ದೇ ಇದ್ದೋರಿಗೆ ಬಪ್ಪ ಕಾಯಿಲೆ ಮಾರಾಯ್ತಿ. ನನ್ ಹತ್ರ ಬಪ್ಪುಕೆ ಅದ್ಕೆ ಧೈರ್ಯ ಇಲ್ಲೆ."

ಅದಕ್ಕೆ ಧೈರ್ಯ ಬರಲು ಹೆಚ್ಚು ಸಮಯವೇನೂ ಹಿಡಿಯಲಿಲ್ಲ. ಹೊಟ್ಟೆಯ ಬುಡದಲ್ಲಿ ಯಾರೋ ಒಲೆ ಹೊತ್ತಿಸಿದ ಹಾಗೆ ಶುರುವಾಗಿ, ಎದೆಗೆ ಹತ್ತಿ, ಕಿವಿಯಲ್ಲಿ ಹೊರಗೆ ಹೋಗುವ ಬೆಂಕಿ. ರಾತ್ರಿ ನಿದ್ದೆಯಿಲ್ಲ, ಹಗಲು ತಾಳ್ಮೆಯಿಲ್ಲ. ಅಷ್ಟು ದೊಡ್ಡ ಮಾತಾಡಿದ ಮೇಲೆ ಎಲ್ಲರೆದುರು ಗಾಳಿ ಹಾಕಿಕೊಳ್ಳುವುದು ಹೇಗೆ? ಚೌಕಾಸಿ ಮಾಡಿದ ಗಿರಾಕಿಯೊಬ್ಬರ ಮೇಲೆ ಕತ್ತಿ ಎತ್ತಿದ ದಿನ ಅವಳಿಗೇ ಹೆದರಿಕೆಯಾಗಿ ಡಾಕ್ಟರ ಹತ್ತಿರ ಹೋದಳು. ಪರೀಕ್ಷೆಗಳೆಲ್ಲ ಮುಗಿದು ಪಟ್ಟಿ ಬಂತು. ಪಟ್ಟಿಯ ಹಿಂದೆಯೇ ನಿದ್ದೆ ಬಂತು. ಬೇಬಿಯಕ್ಕ ಪುನಃ ಬೇಬಿಯಕ್ಕ ಆದಳು.

ಈಗ ಪ್ರೇಮಾನಂದ ಅಂಗಡಿಯ ಕಟ್ಟೆಯ ಮೇಲಿಂದ ಬಗ್ಗಿ ಗುಟ್ಟಿನಲ್ಲಿ ಹೇಳಿದ: "ಬೇಬಿಯಕ್ಕ, ಆ ಪಟ್ಟಿ ಇನ್ ಬತ್ತಿಲ್ಲೆ. ಕಂಪೆನಿಯವ್ರೇ ಮಾಡುದ್ ನಿಲ್ಸಿರ್."

"ನಿನ್ ಕಂಪೆನಿಯವ್ರಿಗೆ ಅಮ್ಮ ಅಕ್ಕ ಯಾರೂ ಇಲ್ಯಾ?" ಎಂದಳು ಬೇಬಿಯಕ್ಕ.

ಅವನ ಮಾತನ್ನು ನಂಬದೆ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದಳು. ಇಲ್ಲ. ಬೈಂದೂರಿಗೆ ಹೋದಳು. ಅಲ್ಲಿಯವನು ಅಂಥದ್ದೊಂದು ಪಟ್ಟಿ ಲೋಕದಲ್ಲಿತ್ತು ಎಂಬುದನ್ನೇ ಒಪ್ಪಲಿಲ್ಲ. ಕಡೆಗೆ ಡಾಕ್ಟರೇ ಬೇರೆ ದಾರಿ ತೋರಿಸಿದರು. ಒತ್ತಿದರೆ ಹೊರಗೆ ಬರುವ ಜೆಲ್.

"ಇದೂ ಅದೇ ಕೆಲಸ ಮಾಡ್ತದೆ. ದಿನಾ ಬೆಳಿಗ್ಗೆ ತೋಳಿನ ಹೊರಗಡೆಗೆ ತೆಳ್ಳಗೆ ಹಚ್ಚಿ. ಒಣಗುವ ತನಕ ಬೇರೆ ಯಾರೂ ಆ ಜಾಗ ಮುಟ್ಟಬಾರ್ದು, ಮಕ್ಕಳಂತೂ ಬೇಡವೇ ಬೇಡ. ಒಂದು ಗಂಟೆ ನೀರು ತಾಗಬಾರ್ದು. ಕಷ್ಟ ಏನಿಲ್ಲ ಅಲ್ವಾ?"

"ಎಂತ ಕಷ್ಟ ಡಾಕ್ಟ್ರೆ, ಏನಿಲ್ಲೆ," ಎಂದು ಬೇಬಿಯಕ್ಕ ಎದೆಯುಬ್ಬಿಸಿ ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ತಲೆಗೆ ಹೊಳೆಯಿತು: ತನ್ನ ಕೈ ಒಂದು ಗಂಟೆ ಒಣಗಿದ್ದದ್ದು ತನ್ನ ಮದುವೆಯ ದಿನ ಮಾತ್ರ.

ಮನೆಯಲ್ಲಿ ಹಚ್ಚುವಂತಿರಲಿಲ್ಲ. ಅಲ್ಲಿ ಮೊಮ್ಮಗಳು ಮೋಕ್ಷಿತಾ ಅಜ್ಜಿಯ ತೋಳನ್ನು ಮಂಗನ ಮರಿಯ ಹಾಗೆ ಹಿಡಿದುಕೊಂಡೇ ಇರುತ್ತಿದ್ದಳು. ಬೆಳಗಾಗುವ ಮೊದಲು ಬಂದರಿನಲ್ಲಿ ಮೀನಿನ ಏಲಂ, ಅಲ್ಲಿ ನೂಕುನುಗ್ಗಲು. ಉಳಿದದ್ದು ಮಾರ್ಕೆಟ್ಟು. ಬೆಳಗಿನ ಗಿರಾಕಿಗಳ ಗಲಾಟೆ ತಗ್ಗುವ ಒಂಬತ್ತರ ಹೊತ್ತಿಗೆ ಮಂಜುಗಡ್ಡೆಯ ಪೆಟ್ಟಿಗೆಗಳ ಮರೆಗೆ ಹೋಗಿ ಹಚ್ಚಿಕೊಳ್ಳುವುದು, ಒಂದು ಗಂಟೆ ಎಡಗೈಯನ್ನು ಕೆಲಸಕ್ಕೆ ಹಾಕದೆ ನಿಭಾಯಿಸುವುದು. ಯಾರಿಗೆ ತಿಳಿಯುತ್ತದೆ?

ಮೊದಲ ದಿನವೇ ಎಲ್ಲರಿಗೂ ತಿಳಿಯಿತು, ಏನೋ ಇದೆ ಎಂದು.

ರವಿಕೆಯ ತೋಳನ್ನು ಮೇಲಕ್ಕೆ ಸಿಕ್ಕಿಸಿ, ಎಡಗೈಯನ್ನು ಮೈಗೆ ತಾಗದಂತೆ ಅಡ್ಡಕ್ಕೆ ಚಾಚಿಕೊಂಡು ಅವಳು ವಾಪಸು ಬಂದು ಕುಳಿತಾಗ, ಒಂದು ಕಡ್ಡಿ ಮಾತ್ರ ಬಿಚ್ಚಿಕೊಂಡ ಕೊಡೆಯ ಹಾಗೆ ಕಾಣುತ್ತಿದ್ದಳು. ಮಾರ್ಕೆಟ್ಟಿನ ಒದ್ದೆ ಗಾಳಿಯಲ್ಲಿ ಜೆಲ್ಲು ಒಣಗುವ ಲಕ್ಷಣವೇ ಇರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನ ಜಿತೇಂದ್ರ ಬಂದ. ಅವನು ಖಾಯಂ ಗಿರಾಕಿ.

"ಬಂಗುಡೆ ಕೊಡಿ ಬೇಬಿಯಕ್ಕ. ಕ್ಲೀನ್ ಮಾಡಿ."

"ಇವತ್ತ್ ಹಂಗೇ ತಕಂಡ್ ಹೋಯ್ನಿ. ಮನೆಯಂಗೆ ಮಾಡ್ಕಣಿ."

"ಮನೆಯಂಗೆ ಮಾಡೂದ್ ನಾನೇ. ಅದ್ಕೇ ಇಲ್ಲಿ ಮಾಡ್ಸೂದ್."

ಇಲ್ಲ ಎನ್ನುವುದು ಬೇಬಿಯಕ್ಕನ ಜಾಯಮಾನವಲ್ಲ. ಮೆಟ್ಟುಗತ್ತಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಬಲಗೈಯೊಂದರಲ್ಲೇ ಬಂಗುಡೆಯನ್ನು ಅಲಗಿಗೆ ತಳ್ಳಿದಳು. ಎರಡು ಸರಿಯಾಗಿ ಹೋದವು. ಮೂರನೆಯದು ಕೈಯಿಂದ ಚಿಮ್ಮಿ ಜಿತೇಂದ್ರನ ಅಂಗಿಯ ಜೇಬಿನೊಳಗೆ ತಲೆಕೆಳಗಾಗಿ ಇಳಿಯಿತು. ಬಾಲ ಮಾತ್ರ ಪೆನ್ನಿನ ಹಾಗೆ ಹೊರಗಿತ್ತು. ಅವನು ಅದನ್ನೂ, ಅವಳ ಚಾಚಿದ ಕೈಯನ್ನೂ ಸರದಿಯಲ್ಲಿ ನೋಡಿದ.

ಬಾಗಿ ಅಷ್ಟು ಹೊತ್ತಿನಿಂದ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದಳು. "ಹ್ವಾಯ್ ಬೇಬಿ, ಆ ಕೈ ಎಂತಕ್ಕೆ ಹಂಗೆ ಹಿಡ್ಕಂಡಿದ್ದೆ? ಬಸ್ ನಿಲ್ಸ್ತ್ಯಾ?"

"ಎಂತ ಇಲ್ಲೆ. ಕೈಗೊಂಚೂರ್ ರಜೆ."

ಬೇಬಿಯಕ್ಕನ ಕೈಗೆ ರಜೆ ಎಂಬ ಮಾತು ಕೇಳಿದ್ದೇ ತಡ, ಎದುರು ಸಾಲಿನ ಅಮ್ಮಣ್ಣಿ ಎದ್ದು ಬಂದಳು. ಅಮ್ಮಣ್ಣಿ ಮಾರ್ಕೆಟ್ಟಿನಲ್ಲಿ ಎಲ್ಲರಿಗಿಂತ ಹಿರಿಯಳು. ಯಾರ ಮೈಯಲ್ಲಿ ಏನಾದರೂ ಮೊದಲು ಅವಳೇ ರೋಗದ ಹೆಸರು ಹೇಳಬೇಕು.

"ಇದ್ ಲಕ್ವ," ಎಂದಳು. "ನನ್ ಭಾವ ಗುರುವನಿಗೂ ಹೀಂಗೇ ಆದದ್. ಮೊದ್ಲ್ ಕೈ ಸೆಟೀತ್, ಮತ್ತೆ ಬಾಯಿ ಸೊಟ್ಟ ಆಯ್ತ್. ಬೇಬಿ, ಬಾಯಿ ತೆಗಿ ಕಾಂಬ."

"ನನ್ ಬಾಯಿಗೆ ಎಂತದೂ ಆಯ್ಲಿಲ್ಲೆ ಅಮ್ಮಣ್ಣಕ್ಕ."

"ಅದ್ ಅಷ್ಟ್ ದೂರದ ಸಾಸ್ತಾನದೋರಿಗೂ ಗೊತ್ತಿತ್ತ್," ಎಂದಳು ಬಾಗಿ.

ಮಾತು ಮುಗಿಯುವಷ್ಟರಲ್ಲಿ ಜನ ಸೇರಿತು. ಒಬ್ಬಳು ಎಣ್ಣೆ ಹಾಕಿ ತಿಕ್ಕಬೇಕೆಂದಳು. ಇನ್ನೊಬ್ಬಳು ಬಕೆಟ್ಟಿನಲ್ಲಿ ತಣ್ಣೀರು ಹಿಡಿದು ಕೈಗೆ ಸುರಿಯಲು ತಯಾರಾಗಿ ನಿಂತಳು. ಜಿತೇಂದ್ರ ಜೇಬಿನ ಬಂಗುಡೆ ಸಮೇತ ರಿಕ್ಷಾ ಕರೆಯಲು ಓಡಿದ. ಬೇಬಿಯಕ್ಕ ಗೋಡೆಗೆ ಬೆನ್ನು ಕೊಟ್ಟು, ಬಲಗೈಯಲ್ಲಿ ಕತ್ತಿ ತೋರಿಸಿ ಹೇಳಿದಳು: "ನೀರ್ ಹಾಕ್ದೋರ್ದ್ ಮೂಗ್ ಕೊಯ್ತೆ."

"ಕಂಡ್ರ್ಯಾ, ತಲೆಗೂ ಹತ್ತಿತ್," ಎಂದಳು ಅಮ್ಮಣ್ಣಿ.

ಇಂಥ ಹೊತ್ತಿನಲ್ಲಿ ಸಿಗಡಿ ಕೊಳ್ಳಲು ಬರಬೇಕೇ ಪ್ರೇಮಾನಂದ? ಗುಂಪಿನಲ್ಲಿ ದಾರಿ ಮಾಡಿಕೊಂಡು ಬಂದವನು ಚಾಚಿದ ಕೈ ನೋಡಿದ. ಮುಖ ಅರಳಿತು. ತನ್ನ ಅಂಗಡಿಯ ಸರಕನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ಬಳಸಿದ್ದನ್ನು ಅವನು ಕಂಡಿರಲಿಲ್ಲ.

"ಓ ಬೇಬಿಯಕ್ಕ, ಶುರು ಮಾಡಿರ್ಯಾ? ಹೊಸತ್ ಹೆಂಗಿತ್ತ್? ಹಳೆದಕ್ಕಿಂತ..."

ಬೇಬಿಯಕ್ಕ ಬಲಗೈಗೆ ಸಿಕ್ಕಷ್ಟು ಸಿಗಡಿ ಬಾಚಿ ಅವನ ಚೀಲಕ್ಕೆ ಹಾಕಿದಳು. "ತಕೋ. ಮನೆಗ್ ಹೋಯಿ. ಹಾಳಾತ್ತ್." ಅವನು ಚೀಲ ನೋಡಿ ಅಷ್ಟಕ್ಕೇ ಬಾಯಿ ಮುಚ್ಚಿದ. ಆದರೆ ಬಾಗಿಯ ಕಿವಿ ಮುಚ್ಚಿರಲಿಲ್ಲ.

"ಹೊಸತ್ ಅಂದ್ರೆ ಎಂತದ್ ಬೇಬಿ? ಎಂತ ಶುರು ಮಾಡಿದ್ದೆ?"

ಸುತ್ತ ಅಷ್ಟೂ ಕಣ್ಣುಗಳು. ಬಕೆಟ್ಟು ಇನ್ನೂ ಮೇಲೆಯೇ ಇತ್ತು. ಬೇಬಿಯಕ್ಕನ ಬಾಯಿಗೆ ಬಂದದ್ದು ಒಂದೇ ಮಾತು.

"ಹರ್ಕೆ," ಎಂದಳು. "ನಮ್ಮನೆ ದೇವ್ರ್, ಅಮ್ಮನಿಗೆ ಹೇಳ್ಕಂಡದ್. ದಿನಾ ಒಂದ್ ಗಂಟೆ ಈ ಕೈಗೆ ನೀರ್ ಮುಟ್ಸುವಂಗಿಲ್ಲೆ. ಮೀನೂ ಮುಟ್ಟುವಂಗಿಲ್ಲೆ. ಯಾರಿಗೂ ತಾಗುವಂಗಿಲ್ಲೆ. ಪ್ರೇಮಾನಂದನ ಹತ್ರ ಬರೀ ಮಾತಿಗ್ ಹೇಳಿದ್ದೆ, ಅಷ್ಟೇ."

ಬಕೆಟ್ಟು ಕೆಳಗಿಳಿಯಿತು. ಕಡಲಿಗೆ ಹೋಗುವವರ ಮನೆಗಳಲ್ಲಿ ಹರಕೆಗೆ ಯಾರೂ ಎದುರು ಮಾತಾಡುವುದಿಲ್ಲ. ಅಮ್ಮಣ್ಣಿ ಲಕ್ವವನ್ನು ತಕ್ಷಣ ವಾಪಸು ತೆಗೆದುಕೊಂಡಳು. "ಮೀನ್ ಮಾರ್ಕಂಡ್ ಕೈ ಒಣಗ್ಸುದ್ ಅಂದ್ರೆ ಸುಲಭ ಅಲ್ದೇ. ಬೇಬಿ ಆದದ್ಕೆ ಮಾಡ್ತಿತ್ತ್," ಎಂದಳು. ಯಾರೋ ಬೇಬಿಯಕ್ಕನ ಮೀನು ಕೊಯ್ಯಲು ಕುಳಿತರು. ಇನ್ಯಾರೋ ಅವಳ ಗಿರಾಕಿಗಳಿಗೆ ತೂಗಿ ಕೊಟ್ಟರು. ಬೇಬಿಯಕ್ಕ ಮರದ ಮಣೆಯ ಮೇಲೆ ಕೈ ಚಾಚಿ, ಪಟ್ಟಕ್ಕೇರಿದ ರಾಣಿಯ ಹಾಗೆ ಕುಳಿತಳು. ಸುಳ್ಳು ಹೇಳಿದ ಅಳುಕು ಒಂದು ಕಡೆ. ಇಡೀ ಮಾರ್ಕೆಟ್ಟು ತನ್ನ ಕೈಯ ಕೆಳಗೆ ದುಡಿಯುತ್ತಿದೆಯೆಂಬ ಹೆಮ್ಮೆ ಇನ್ನೊಂದು ಕಡೆ. ಹೆಮ್ಮೆಯ ಕಡೆಯೇ ಭಾರವಾಗಿತ್ತು.

ಆಗ ಬಾಗಿ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತಳು. ದನಿ ತಗ್ಗಿಸಿ, "ಬೇಬಿ, ನಂಗೆ ನಿದ್ರೆ ಇಲ್ದೆ ವರ್ಷ ಆತ್ ಬಂತ್. ಬೆಂಕಿ ಹೋತ್ತಿಲ್ಲೆ ಕಾಣ್," ಎಂದವಳು, ಬೇಡ ಎನ್ನುವುದರೊಳಗೆ ಎರಡೂ ಅಂಗೈಗಳನ್ನು ಆ ತೋಳಿನ ಮೇಲೆ ಒತ್ತಿ, ಕಣ್ಣಿಗೆ, ಕೆನ್ನೆಗೆ, ಕುತ್ತಿಗೆಗೆಲ್ಲ ಸವರಿಕೊಂಡಳು.

ಬೇಬಿಯಕ್ಕ ಹಾರಿಬಿದ್ದಳು. "ಹೋಯಿ, ಮುಖ ತೊಳ್ಕೋ. ಈಗ್ಲೇ ತೊಳ್ಕೋ."

"ಪ್ರಸಾದ ಯಾರಾರೂ ತೊಳ್ಕಂತ್ರಾ?" ಎಂದು ಬಾಗಿ ಎದ್ದು ಹೋದಳು. ತೋಳು ನೋಡಿದರೆ ಜೆಲ್ಲಿನ ಹೊಳಪು ಅರ್ಧಕ್ಕರ್ಧ ಇರಲಿಲ್ಲ.

ಆ ದಿನ ಮಧ್ಯಾಹ್ನ ಮೋಡ ಕವಿದು ಕಡಲಿಂದ ತಂಪು ಗಾಳಿ ಬೀಸಿತು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಸಂಜೆ ಬೇಬಿಯಕ್ಕ ಮನೆಯ ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದಳು. ಅಂಗಳಕ್ಕೆ ಬಾಗಿ ಬಂದಳು. ಅವಳ ಹಿಂದೆ ಅಮ್ಮಣ್ಣಿ. ಅಮ್ಮಣ್ಣಿಯ ಹಿಂದೆ ಕೋಡಿಯ ಅರ್ಧ ಹೆಂಗಸರು.

"ಬೇಬಿ," ಎಂದಳು ಬಾಗಿ. ಅವಳ ಕಣ್ಣಲ್ಲಿ ನೀರಿತ್ತು. "ಮಧ್ಯಾಹ್ನ ಉಂಡ್ ಮಲ್ಗಿದ್ದೆ. ಒಂದ್ ಸಲವೂ ಬೆಂಕಿ ಬರ್ಲಿಲ್ಲೆ. ಗೊರಕೆ ಹೊಡ್ದೆ ಅಂಬ್ರ್. ನಿನ್ ಕೈಯಂಗೆ ಅಮ್ಮ ಇದ್ಲ್ ಮಾರಾಯ್ತಿ."

"ನಂಗೆ ಒಂದ್ ಸಲ ಮುಟ್ಟುಕೆ ಕೊಡ್," ಎಂದು ಹಿಂದಿನಿಂದ ಯಾರೋ ಕೈ ಚಾಚಿದರು. "ನಂಗೂ," ಎಂದಳು ಇನ್ನೊಬ್ಬಳು. ಅವಳ ಕಣ್ಣು ಕೆಂಪಗಿತ್ತು, ರವಿಕೆ ಬೆವರಿಗೆ ಮೈಗಂಟಿತ್ತು.

ಬೇಬಿಯಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಷ್ಟು ಮಂದಿ. ಇವರೆಲ್ಲ ಬೆಂಕಿ ಕಟ್ಟಿಕೊಂಡೇ ಬುಟ್ಟಿ ಹೊತ್ತವರು, ಬಸ್ಸಿನಲ್ಲಿ ನಿಂತು ಹೋದವರು. ಮೈ ಬಗ್ಗಿಸದವರು ಎಂದು ತಾನು ಆಡಿದ್ದು ಇವರನ್ನು. ಹೆಮ್ಮೆಯನ್ನು ನುಂಗುವುದು ಮುಳ್ಳು ತೆಗೆಯದ ಮೀನು ನುಂಗಿದ ಹಾಗೆ. ಆದರೂ ನುಂಗಿದಳು. ಒಳಗೆ ಹೋಗಿ, ಅಕ್ಕಿ ಡಬ್ಬದ ಹಿಂದೆ ಅಡಗಿಸಿದ್ದ ಜೆಲ್ ತಂದು ಎಲ್ಲರ ಎದುರು ಇಟ್ಟಳು.

"ಹರ್ಕೆಯೂ ಅಲ್ಲ, ಎಂತದೂ ಅಲ್ಲ. ನಾ ಸುಳ್ಳ್ ಹೇಳಿದ್ದ್. ಇದ್ ಮದ್ದ್. ನಿಮ್ಗ್ ಬಪ್ಪ ಬೆಂಕಿಯೇ ನಂಗೂ ಬತ್ತ್, ನಂಗೂ ನಿದ್ರೆ ಇಲ್ಲೆ. ಅಂಟ್ಸುವ ಪಟ್ಟಿ ಬಪ್ಪುದ್ ನಿಲ್ತ್, ಅದ್ಕೆ ಡಾಕ್ಟ್ರ್ ಇದ್ ಕೊಟ್ಟಿರ್. ನನ್ ಕೈ ತಿಕ್ಕೂದ್ ಬಿಟ್ಟ್ ಎಲ್ಲರೂ ಡಾಕ್ಟ್ರ ಹತ್ರ ಹೋಯ್ನಿ. ಅವ್ರ್ ಪರೀಕ್ಷೆ ಮಾಡಿ, ನಿಮ್ಗ್ ಎಂತ ಆತ್ತ್ ಅದ್ನ್ ಕೊಡ್ತ್ರ್."

ಎಲ್ಲರೂ ಜೆಲ್ಲನ್ನು ಬಗ್ಗಿ ನೋಡಿದರು. ಆಮೇಲೆ ಬಾಗಿ ನಕ್ಕಳು. ಅವಳ ಹಿಂದೆ ಎಲ್ಲರೂ.

"ನಿಂಗಾ? ಬೆಂಕಿಯಾ?" ಎಂದಳು ಬಾಗಿ. "ನಿನ್ ಹತ್ರ ಬಪ್ಪುಕೆ ಅದ್ಕೆ ಧೈರ್ಯ ಇಲ್ಲೆ ಅಂದದ್ ನೀನೇ ಅಲ್ದಾ? ಇಷ್ಟ್ ವರ್ಷದಂಗೆ ನೀನ್ ಒಂದ್ ಸಲ ಗಾಳಿ ಹಾಕಂಡದ್ ಯಾರಾರೂ ಕಂಡಿರ್ಯಾ?"

ಯಾರೂ ಕಂಡಿರಲಿಲ್ಲ.

"ಖರೆ ಮಾರಾಯ್ತಿ. ಪ್ರೇಮಾನಂದನನ್ನ್ ಕೇಣಿ."

"ಅವ ಮದ್ದ್ ಮಾರೋನ್. ಮದ್ದ್ ಅಂದೇ ಹೇಳ್ತ," ಎಂದು ಅಮ್ಮಣ್ಣಿ ಉಳಿದವರ ಕಡೆ ತಿರುಗಿ, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ವಿವರಿಸಿದಳು. "ಹರ್ಕೆ ಗುಟ್ಟ್ ಹೊರಗ್ ಬಿದ್ರೆ ಫಲ ಹೋತ್ತ್. ಅದ್ಕೇ ಬೇಬಿ ಮದ್ದ್ ಅಂದ್ ಹೇಳ್ತಿತ್ತ್. ನಾವೇ ತಿಳ್ಕಣ್ಕ್. ಇನ್ ಯಾರೂ ಅದ್ನ್ ಕೇಂಬುಕಿಲ್ಲೆ. ನಾಳಿಗೆ ಒಂಬತ್ತ್ ಗಂಟೆಗೆ ಸಾಲಂಗೆ ಬನ್ನಿ, ನೂಕುದ್ ಬೇಡ."

ಬೇಬಿಯಕ್ಕ ಇನ್ನೊಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ಹೊಟ್ಟೆಯ ಬುಡದಲ್ಲಿ ಒಲೆ ಹೊತ್ತಿಕೊಂಡಿತು. ಎದೆಗೆ ಹತ್ತಿತು. ಕುತ್ತಿಗೆ, ಕೆನ್ನೆ, ಕಿವಿ ಎಲ್ಲ ಕೆಂಡದ ಬಣ್ಣಕ್ಕೆ ತಿರುಗಿ ಹಣೆಯ ಮೇಲೆ ಬೆವರಿನ ಹನಿಗಳು ಸಾಲಾಗಿ ಹೊಳೆದವು. ಇದೊಂದು ಸಾಕ್ಷಿ ಸಾಕು ಎಂದುಕೊಂಡು ಅವಳು ಮುಖವನ್ನು ದೀಪದ ಬೆಳಕಿಗೆ ಹಿಡಿದಳು.

"ಕಾಣಿ," ಎಂದಳು.

ಎಲ್ಲರೂ ನೋಡಿದರು. ಬಾಗಿಯ ಕೈಗಳು ತಾವಾಗಿಯೇ ಜೋಡಿಕೊಂಡವು.

"ಅಬ್ಬ, ಮುಖದಂಗೆ ಎಂಥ ಕಳೆ ಬಂದಿತ್ತ್ ಕಾಣ್," ಎಂದಳು.

ಅಮ್ಮಣ್ಣಿ ಜಗಲಿಯ ಅಂಚಿಗೆ ಆರಾಮವಾಗಿ ಕುಳಿತು, ಮೂಲೆಯಲ್ಲಿದ್ದ ಬೀಸಣಿಗೆ ಎಳೆದುಕೊಂಡು ಗಾಳಿ ಹಾಕಿಕೊಂಡಳು. ಉಳಿದವರು ಸೆರಗಿನಿಂದ ಬೀಸಿಕೊಂಡರು. ಅಷ್ಟು ಗಾಳಿಯ ನಡುವೆ ಬೇಬಿಯಕ್ಕ ಒಬ್ಬಳೇ ಕುತ್ತಿಗೆ ನೆಟ್ಟಗಿಟ್ಟುಕೊಂಡು, ಬೆವರನ್ನೂ ಒರೆಸಿಕೊಳ್ಳದೆ, ನಂದಾದೀಪದ ಹಾಗೆ ಉರಿಯುತ್ತ ಕುಳಿತಳು.