ಕೆಮ್ಮುವ ಎಂಜಿನ್ನಿಗೆ ಶೇಂಗಾ ಚಟ್ನಿ

ನಾನು ಕಾಲಿಟ್ಟಲ್ಲಿ ಏನಾದರೊಂದು ಕಿತಾಪತಿ ಆಗುತ್ತಲೇ ಇರುತ್ತದೆ. ಮಾಡುವವನು ನಾನೇ, ಹಾಗಾಗಿ ಅದರಲ್ಲಿ ಆಶ್ಚರ್ಯವಿಲ್ಲ. ಇಷ್ಟಾದರೂ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರಲ್ಲ, ಅದು ಆಶ್ಚರ್ಯ.

ಇಯರ್ ಇಲೆವೆನ್, ಅಂದರೆ ಹನ್ನೊಂದನೇ ಕ್ಲಾಸು, ಅರ್ಧಕ್ಕೇ ಬಿಟ್ಟೆ. ಸಿಡ್ನಿಯ ವೆಸ್ಟ್‌ಮೀಡ್‌ನಿಂದ ಅಪ್ಪ ಅಮ್ಮ ನನ್ನನ್ನು ಮೆಲ್ಬರ್ನ್‌ಗೆ, ಸೋದರಮಾವನ ಹತ್ತಿರ ಸಾಗಹಾಕಿದರು. ಹುಬ್ಬಳ್ಳಿಯ ಮಾಮಾ ಅಲ್ಲಿನ ಡ್ಯಾಂಡಿನಾಂಗ್‌ನ ಒಂದು ಶೆಡ್ಡಿನಲ್ಲಿ ಹಳೇ ಕಾಲದ ವಿಮಾನಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಒಪ್ಪಂದ ಇಷ್ಟು: ಮೂರು ತಿಂಗಳು ನೆಟ್ಟಗಿದ್ದರೆ ಕೆಲಸ. ಇಲ್ಲದಿದ್ದರೆ ಸಿಡ್ನಿ ಬಸ್ಸು, ಪ್ಯಾರಮಟ್ಟಾದಲ್ಲಿ ಅಮ್ಮ ನೋಡಿಟ್ಟ ಟ್ಯೂಷನ್.

ಗಿರ್ಮಿಟ್ ಪಾಠ

ಆಗ ಬಂದಿದ್ದ ಎಂಜಿನ್ ನೆಲದ ಮೇಲೆ ಸೊಗಸಾಗಿ ಓಡುತ್ತಿತ್ತು. ಹತ್ತು ಸಾವಿರ ಅಡಿ ಮೇಲೆ ಹೋದರೆ ಕೆಮ್ಮುತ್ತಿತ್ತು. ಯಾಕೆ ಅಂತ ಕೇಳಿದೆ.

"ಗಿರ್ಮಿಟ್‌ನ್ಯಾಗ ಮಂಡಕ್ಕಿ ಕಮ್ಮಿ ಹಾಕಿ, ಖಾರ ಅಷ್ಟ ಬಿಟ್ರ ಏನಾಗ್ತದ?" ಅಂದ ಮಾಮಾ.

"ಕೆಮ್ಮು ಬರ್ತದ."

"ಮ್ಯಾಲೆ ಗಾಳಿ ಕಮ್ಮಿ. ಗಾಳಿ ಮಂಡಕ್ಕಿ, ಪೆಟ್ರೋಲ್ ಖಾರ. ತಿಳೀತಿಲ್ಲೋ?"

ಶಾಲೆಯಲ್ಲಿ ವರ್ಷಗಟ್ಟಲೆ ತಲೆಗೆ ಇಳಿಯದ ಸೈನ್ಸ್ ಒಂದು ತಟ್ಟೆ ಗಿರ್ಮಿಟ್‌ನಲ್ಲಿ ಇಳಿಯಿತು. ಮಾಮಾ ಖಾರ ಕಡಿಮೆ ಮಾಡಿ ಕಳಿಸಿದ. ಮೇಲೆ ಹೋಗಿ ಮತ್ತೆ ಕೆಮ್ಮಿತು.

"ಉಳ್ಳಾಗಡ್ಡಿ ಕಮ್ಮಿ ಬಿದ್ದಿರಬೇಕು ಮಾಮಾ" ಅಂದೆ. ಎಣ್ಣೆ ಒರೆಸುವ ಬಟ್ಟೆ ನೇರ ಮುಖಕ್ಕೆ ಬಂತು.

ಕಡ್ಡಿ ಇರುವ ಐಸ್

ಮಾಮಾನ ಜೊತೆ ಮಂಗಳೂರಿನ ಅಂಕಲ್ ಒಬ್ಬರಿದ್ದಾರೆ. ನಲವತ್ತು ವರ್ಷ ಎಂಜಿನ್ ಬಿಚ್ಚಿದ ಕೈ. "ಮೇಲೆ ಹೋದರೆ ಗಾಳಿ ಪೆಟ್ರೋಲ್ ಬೆರೆಯುವ ಕಾರ್ಬ್ಯುರೇಟರ್ ಬಾಯಲ್ಲಿ ಐಸ್ ಕಟ್ಟುತ್ತದೆ. ಬೇಸಿಗೆಯಲ್ಲೂ ಕಟ್ಟುತ್ತದೆ ಮಾರಾಯ" ಎನ್ನುತ್ತಿದ್ದರು. ನಾನು ನಂಬಲಿಲ್ಲ. ಅವರು ಚಹಾಕ್ಕೆ ಹೋದಾಗ ಮೇಜಿನ ಮೇಲಿದ್ದ ಕಾರ್ಬ್ಯುರೇಟರ್ ಬಾಯಿಗೆ ನನ್ನ ಲೆಮನ್ ಐಸ್ ಕ್ಯಾಂಡಿ ತುರುಕಿಟ್ಟೆ.

ಅಂಕಲ್ ಬಂದರು, ಬಗ್ಗಿದರು, ಕನ್ನಡಕ ಏರಿಸಿದರು.

"ಐಸ್ ಬೇಕಾದಷ್ಟು ನೋಡಿದ್ದೇನೆ. ಕಡ್ಡಿ ಸಮೇತ ಕಟ್ಟಿದ್ದು ನೋಡುವುದು ಇದೇ ಫಸ್ಟ್."

ಅವರು ನಕ್ಕರು. ಮಾಮಾ ನಗಲಿಲ್ಲ. "ಇನ್ನೊಂದು ಕಿತಾಪತಿ ಮಾಡು, ಬಸ್ ಟಿಕೆಟ್ ಬುಕ್ ಮಾಡ್ತೀನಿ."

ಕೆಂಪು ಗೆರೆ

ಕೆಮ್ಮಿಗೆ ಐಸ್ ಕೂಡ ಕಾರಣವಲ್ಲ ಅಂತಾಯಿತು. ಮೂರನೇ ಅನುಮಾನ ಮ್ಯಾಗ್ನೆಟೊ ಮೇಲೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿ ಅದು. ಗಾಳಿ ತೆಳುವಾದರೆ ಒಳಗಿನ ಕಿಡಿ ದಾರಿ ಬಿಟ್ಟು ಹಾರುತ್ತದೆ, ಮಾಮಾನ ಮಾತಲ್ಲಿ ಹೇಳುವುದಾದರೆ "ನಿನ್ನಂಗ". ಗಾಜಿನ ಮುಚ್ಚಳದ ದೊಡ್ಡ ಪಾತ್ರೆಯಲ್ಲಿ ಮ್ಯಾಗ್ನೆಟೊ ಇಟ್ಟು, ಪಂಪಿನಿಂದ ಗಾಳಿ ಎಳೆದು ಪರೀಕ್ಷೆ ಮಾಡುತ್ತಿದ್ದರು. ಮೂರು ವಾರವಾದರೂ ಕಿಡಿ ಎಲ್ಲಿ ಸೋರುತ್ತಿದೆ ಅಂತ ಸಿಗಲಿಲ್ಲ.

ಅವತ್ತು ಮಾಮಾನ ಹೆಂಡತಿ, ಅತ್ತಿ, ನನ್ನ ಅಮ್ಮನಿಗೆ ಕಳಿಸಲೆಂದು ಶೇಂಗಾ ಚಟ್ನಿಪುಡಿಯ ಸೀಲ್ ಮಾಡಿದ ಪ್ಯಾಕೆಟ್ ಕೊಟ್ಟಿದ್ದಳು. ಗಾಳಿ ಎಳೆದರೆ ಪ್ಯಾಕೆಟ್ ಬಲೂನಿನಂತೆ ಉಬ್ಬುತ್ತದೆ, ಮಾಮಾ ಬೆಚ್ಚುತ್ತಾನೆ ಅಂತ ಮೆಲ್ಲಗೆ ಮ್ಯಾಗ್ನೆಟೊ ಹಿಂದೆ ಇಟ್ಟೆ. ಉಬ್ಬಿತು. ಆಮೇಲೆ ಒಡೆಯಿತು. ಪಾತ್ರೆಯೊಳಗೆ ಕುಂಕುಮಾರ್ಚನೆ.

ಮಾಮಾ ಫೋನ್ ತೆಗೆದು ಬಸ್ಸಿನ ಟೈಮ್ ನೋಡತೊಡಗಿದ.

ಹೋಗುವ ಮೊದಲು ಒರೆಸಿಯಾದರೂ ಹೋಗೋಣ ಅಂತ ಕೂತೆ. ಎಲ್ಲ ಹೋಯಿತು. ಮ್ಯಾಗ್ನೆಟೊದ ಕಪ್ಪು ಮುಚ್ಚಳದ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮಾತ್ರ ಹೋಗಲಿಲ್ಲ. ನಾನೇ ಒಡೆದೆ ಅಂದುಕೊಂಡೆ. ಮುಚ್ಚಿಡಲೂಬಹುದಿತ್ತು. ಹೆಂಗೂ ಬಸ್ಸು ಖಚಿತ, ಹೇಳಿಬಿಟ್ಟೆ.

"ಮಾಮಾ, ಇದೊಂದು ಹೋಗವಲ್ದು."

ಮಾಮಾ ನೋಡಿದ. ಅಂಕಲ್‌ರನ್ನು ಕರೆದ. ಇಬ್ಬರೂ ಬೆಳಕಿಗೆ ಹಿಡಿದರು. ಹಳೇ ಬಿರುಕು, ಬರಿಗಣ್ಣಿಗೆ ಕಾಣದ್ದು. ಕಿಡಿ ಹಾರುತ್ತಿದ್ದುದೇ ಅಲ್ಲಿಂದ. ಚಟ್ನಿಯ ಎಣ್ಣೆ, ಖಾರ ಒಳಗಿಳಿದು ಬಣ್ಣ ಹಚ್ಚಿತ್ತು.

ಮಾಮಾ ಫೋನ್ ಜೇಬಿಗೆ ಹಾಕಿದ. "ಊಟಕ್ಕ ನಡಿ" ಅಂದ. ನನ್ನ ಜೀವಮಾನದಲ್ಲಿ ಯಾರೂ ನನಗೆ ಇಷ್ಟು ಒಳ್ಳೆ ಮಾತು ಆಡಿಲ್ಲ. ಆ ಮಾತಿಗೆ ಇವತ್ತಿಗೂ ಮಾಮಾನಿಗೆ ಕೈ ಮುಗಿಯುತ್ತೇನೆ, ಅವನ ಬೆನ್ನ ಹಿಂದೆ.

ಹೊಸ ಮುಚ್ಚಳ ಹಾಕಿದ ಮೇಲೆ ವಿಮಾನ ಹತ್ತು ಸಾವಿರ ಅಡಿ ಏರಿ, ಒಂದೂ ಕೆಮ್ಮದೆ ಇಳಿಯಿತು. ಅದರ ಮಾಲೀಕ, ಬಿಳಿಗಡ್ಡದ ಆಸ್ಟ್ರೇಲಿಯನ್ ಮುದುಕ, ಶೆಡ್ಡಿಗೆ ಬಂದು ನನ್ನ ಕೈ ಕುಲುಕಿ, ಬಿರುಕು ಹಿಡಿದುಕೊಟ್ಟ ಆ ಕೆಂಪು ಪೌಡರ್ ತೋರಿಸು ಅಂದ. ಅತ್ತಿಯ ಹೊಸ ಡಬ್ಬಿ ತೆರೆದು ಹಿಡಿದೆ. ಬೆರಳಲ್ಲಿ ಒಂದು ಚಿಟಿಕೆ ಎತ್ತಿ ಬಾಯಿಗಿಟ್ಟೇಬಿಟ್ಟ. ಕಣ್ಣು, ಮೂಗು, ಮುಖ ಎಲ್ಲ ಕೆಂಪು. ಬಾಗಿಲ ಚೌಕಟ್ಟು ಹಿಡಿದು ನಿಂತ.

ಮಾಮಾ ನೀರು ತುಂಬಿ ತರುತ್ತಾ ನನ್ನ ಕಿವಿಯಲ್ಲಿ ಅಂದ:

"ವಿಮಾನದ ಕೆಮ್ಮು ಹೋತು. ಮಾಲಕರದು ಸುರು ಆತು."