ನೂರಿಪ್ಪತ್ತೈದು ವ್ಯಾಟಿನ ವಿದ್ಯಾಭ್ಯಾಸ

ಎಪ್ಪತ್ತರ ದಶಕ. ನಾನಾಗ ಶ್ರೀರಾಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಒಂದು ದಿನ ಒಂಬತ್ತನೇ ತರಗತಿಯ ಮುಂದೆ ನಿಂತು ಘನಗಂಭೀರವಾಗಿ ಘೋಷಿಸಿಬಿಟ್ಟೆ: "ಈ ಸಲದ ವಿಜ್ಞಾನ ಪ್ರದರ್ಶನಕ್ಕೆ, ಕೊಡ ತುಂಬಿದ ಕೂಡಲೇ ತಾನೇ ಕೂಗುವ ಯಂತ್ರ ಮಾಡಿ ತರುತ್ತೇನೆ!"

ಟ್ರಾನ್ಸಿಸ್ಟರನ್ನು ಅಲ್ಲಿಯವರೆಗೆ ನಾನು ನೋಡಿದ್ದು ಪುಸ್ತಕದ ಚಿತ್ರದಲ್ಲಿ ಮಾತ್ರ. ಅದಕ್ಕೇನಂತೆ? ಕಲಿತರಾಯಿತು!

ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ. ರೇಡಿಯೋ ಸಾಮಾನಿನ ಅಂಗಡಿಯಲ್ಲಿ ಮೂರು ಟ್ರಾನ್ಸಿಸ್ಟರ್, ಕೂಗುವ ಬಜರ್, ವೈರು, ಬೆಸುಗೆಯ ಸೀಸ ಎಲ್ಲವೂ ಸಲೀಸಾಗಿ ಸಿಕ್ಕವು. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಕೇಳಿದಾಗ ಅಂಗಡಿಯವನು ಪೆನ್ನಿನಂಥ ಸಣ್ಣದೊಂದನ್ನು ಮುಂದಿಟ್ಟ.

"ಕಲಿಯೋರಿಗೆ ಇದು ಸಾಕ್ರಿ ಅಕ್ಕಾರೆ. ಇಪ್ಪತ್ತೈದು ವ್ಯಾಟ್ ಐತೆ."

ಹೆಂಗಸೆಂದು ಸಣ್ಣದು ತೋರಿಸುತ್ತಿದ್ದಾನೆ! ನನಗೆ ಖಾತ್ರಿಯಾಯಿತು.

"ಇರೋದ್ರಾಗೆ ದೊಡ್ಡದು ಕೊಡ್ರಿ!"

"ಅದು ಪಾತ್ರೆ ಬೆಸೆಯೋರು ಒಯ್ಯೋದು ಕಣ್ರಿ..."

"ನಾನು ಬಿ.ಎಸ್ಸಿ. ಓದಿದೀನಿ!"

ಅವನು ನೂರಿಪ್ಪತ್ತೈದು ವ್ಯಾಟಿನದನ್ನು ಕಟ್ಟಿಕೊಟ್ಟ.

ಅದರ ಮೂತಿ ನನ್ನ ಹೆಬ್ಬೆರಳಿಗಿಂತ ದಪ್ಪ. ಟ್ರಾನ್ಸಿಸ್ಟರೋ, ಬಟಾಣಿ ಕಾಳಿಗೆ ಮೂರು ಕಾಲು ಬಂದಂತೆ ಇತ್ತು. ಕಾದ ಮೂತಿಯನ್ನು ಅದರ ಕಾಲಿಗೆ ಮುಟ್ಟಿಸಿದೆ. ಗಪ್ಪನೆ ಸುಟ್ಟ ವಾಸನೆ. ಮೊದಲನೆಯದು ಹೋಯಿತು. ಎರಡನೆಯದನ್ನು ಹಗುರವಾಗಿ ಮುಟ್ಟಿದೆ. ಹಗುರವಾಗಿ ಹೋಯಿತು. ಮೂರನೆಯದಕ್ಕೆ ದೇವರನ್ನು ನೆನೆದೆ. ದೇವರಿಗೂ ನೂರಿಪ್ಪತ್ತೈದು ವ್ಯಾಟು ಹೆಚ್ಚಾಯಿತು!

ಯಜಮಾನರು ಮೂಗು ಮುಚ್ಚಿಕೊಂಡೇ ಬಂದರು. "ಲೇ, ಇದು ಬೆಸುಗೇನೋ, ದಹನ ಸಂಸ್ಕಾರಾನೋ?"

ಅಷ್ಟರಲ್ಲಿ ಪಕ್ಕದ ಮನೆಯ ಗಂಗಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ತಗಡಿನ ಬಕೆಟ್ಟು.

"ಮೇಡಮ್ಮಾರೆ, ಬೆಸುಗೆ ಹಾಕ್ತೀರಂತೆ? ಇದು ಸೋರ್ತೈತೆ, ಒಂಚೂರು ನೋಡ್ರಿ."

ಸಿಟ್ಟಿನಲ್ಲಿ ಸೀಸ ಇಟ್ಟು ಐರನ್ನನ್ನು ಬಕೆಟ್ಟಿನ ಬುಡಕ್ಕೇ ಒತ್ತಿದೆ. ನೀರು ತುಂಬಿ ನೋಡಿದರೆ ಒಂದು ಹನಿಯೂ ಸೋರಲಿಲ್ಲ! ಮರುದಿನ ಇಬ್ಬರು ಬಂದರು. ಅದರ ಮರುದಿನ ಐದು ಜನ. ನಮ್ಮ ಜಗಲಿಯ ತುಂಬ ತೂತಿನ ಪಾತ್ರೆ.

ಆದರೆ ನಾನು ಬಿಡುವವಳಲ್ಲ. ಮುಂದಿನ ಭಾನುವಾರ ಮತ್ತೆ ಅದೇ ಅಂಗಡಿ. ನಾನು ಬಾಯಿ ತೆರೆಯುವ ಮೊದಲೇ ಅವನು ಸಣ್ಣ ಐರನ್ ತೆಗೆದಿಟ್ಟ.

"ಟ್ರಾನ್ಸಿಸ್ಟರ್ ಎಷ್ಟು ಕೊಡ್ಲಿ?"

"ಒಂದು ಡಜನ್."

ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು!

ಬೆರಳು ಸುಟ್ಟುಕೊಂಡೆ, ವೈರು ಅದಲುಬದಲು ಮಾಡಿದೆ, ಬಿಚ್ಚಿದೆ, ಮತ್ತೆ ಬೆಸೆದೆ. ಒಂಬತ್ತನೆಯ ಟ್ರಾನ್ಸಿಸ್ಟರಿಗೆ ಬಜರ್ ಕೂಗಿತು. ನಾನೂ ಕೂಗಿದೆ.

ಪ್ರದರ್ಶನದ ದಿನ ನನ್ನ ಮೇಜಿನ ಮೇಲೆ ಕೊಡ ಕಂಡದ್ದೇ ತಡ, ಊರ ಹೆಂಗಸರು ಬಿಂದಿಗೆ, ಬಕೆಟ್ಟು ಹಿಡಿದು ಸಾಲುಗಟ್ಟಿದರು. "ಇವತ್ತಲ್ಲ, ನಾಳೆ ಬರ್ರಿ" ಎಂದು ಕೈಮುಗಿಯುತ್ತಿರುವಾಗಲೇ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಕೊಡಕ್ಕೆ ನೀರು ಸುರಿದೆ. ನೀರು ಕೊಡದ ಬಾಯಿಗೆ ಸಿಕ್ಕಿಸಿದ್ದ ವೈರಿಗೆ ತಾಗಿತು. ಬಜರ್ ಕಿವಿ ಗಡಚಿಕ್ಕುವಂತೆ ಕೂಗಿತು!

ಸಾಹೇಬರು ಬಲು ಸಂತೋಷಪಟ್ಟರು. ಸಾಲಿನಲ್ಲಿದ್ದ ಬಿಂದಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು.

"ಭೇಷ್! ಕ್ರಾಫ್ಟ್ ಟೀಚರ್ ಅಂದ್ರೆ ಹೀಗಿರಬೇಕು. ಅಂದ ಹಾಗೆ, ನಿಮ್ಮ ವಿಜ್ಞಾನದ ಮೇಡಂ ಎಲ್ಲಿ, ಕಾಣ್ತಾ ಇಲ್ಲ?"

ಬಜರ್ ಇನ್ನೂ ಕೂಗುತ್ತಲೇ ಇತ್ತು.

"ರಜದ ಮೇಲಿದ್ದಾರೆ ಸಾರ್" ಎಂದೆ.